ಗೋಡೆಯ ಮೇಲಿನ ಕರೆಯೋಲೆ

(ಜಿಲ್ಲಾ ಕೇಂದ್ರವೊಂದರ ಚಿತ್ರಸಮಾಜದ ಸದಸ್ಯರು ಮತ್ತು ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಾನು ಚಿತ್ರಕಲಾವಿದನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರನಾದವನು. ಚಿತ್ರೋತ್ಸವದ ಲಾಂಛನ, ಭಿತ್ತಿಪತ್ರಗಳ ಬಗ್ಗೆ ಮಾತನಾಡಲು ನೀವು ನನ್ನನ್ನು ಕರೆದಿದ್ದೀರಿ. ಅದಕ್ಕೆ ನನಗಿರುವ ಅರ್ಹತೆ ಒಂದೇ. ಈ ವಿಷಯದಲ್ಲಿ ನಾನು ಒಮ್ಮೆ ತಪ್ಪು ವರದಿ ಬರೆದಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಊರಿನಲ್ಲಿ ಮೂರು ದಿನಗಳ ಚಿತ್ರೋತ್ಸವ. ಒಳ್ಳೆಯ ಚಿತ್ರಗಳು, ಒಳ್ಳೆಯ ಸಭಾಂಗಣ, ಉಚಿತ ಪ್ರವೇಶ. ಆದರೂ ಕುರ್ಚಿಗಳು ಖಾಲಿ. ‘ಊರಿನ ಜನರಿಗೆ ಉತ್ತಮ ಚಿತ್ರಗಳಲ್ಲಿ ಆಸಕ್ತಿ ಇಲ್ಲ’ ಎಂದು ಬರೆದು ಕಳುಹಿಸಿದೆ. ಮರುದಿನ ಅದು ಅಚ್ಚಾಗಿಯೂ ಬಂತು. ಅಂದು ಸಂಜೆ ಸಭಾಂಗಣದ ಎದುರಿನ ಚಹಾ ಅಂಗಡಿಗೆ ಹೋದೆ. ಅಂಗಡಿಯ ಪಕ್ಕದ ಗೋಡೆಗೇ ಉತ್ಸವದ ಪೋಸ್ಟರ್ ಅಂಟಿಸಿದ್ದರು. ‘ಇಲ್ಲೇ ಎದುರಿಗೆ ಸಿನಿಮಾ ನಡೆಯುತ್ತಿದೆಯಲ್ಲ, ಹೋಗಲಿಲ್ಲವೇ?’ ಎಂದು ಅಂಗಡಿಯವರನ್ನು ಕೇಳಿದೆ. ‘ಅದು ನಮಗಲ್ಲ ಬಿಡಿ ಸಾರ್. ಪಾಸ್ ಇದ್ದೋರಿಗೆ ಅಂತ ಅನ್ಕೊಂಡಿದ್ವಿ. ಏನೋ ಕಾನ್ಫರೆನ್ಸು ಇರಬೇಕು’ ಎಂದರು.

ಎದ್ದು ಹೋಗಿ ಪೋಸ್ಟರನ್ನು ಸರಿಯಾಗಿ ನೋಡಿದೆ. ಒಂದು ಭೂಗೋಳ. ಅದನ್ನು ಸುತ್ತಿಕೊಂಡ ಫಿಲ್ಮ್ ಸುರುಳಿ. ನಡುವೆ ಒಂದು ಕಣ್ಣು. ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಉತ್ಸವದ ಹೆಸರು. ಕೆಳಗೆ ಹನ್ನೆರಡು ಪ್ರಾಯೋಜಕರ ಗುರುತುಗಳು. ಅವುಗಳ ಕೆಳಗೆ, ಬೆರಳಿನ ಅಗಲದ ಜಾಗದಲ್ಲಿ, ಕನ್ನಡದಲ್ಲಿ ಒಂದು ಸಾಲು. ‘ಪ್ರವೇಶ ಉಚಿತ’ ಎಂಬುದು ಆ ಸಾಲಿನ ಕೊನೆಯ ಎರಡು ಪದ.

ಆಸಕ್ತಿ ಇಲ್ಲದಿದ್ದದ್ದು ಜನರಿಗಲ್ಲ. ಕರೆಯುವವರಿಗೆ ಅವರನ್ನು ಕರೆಯುವುದರಲ್ಲಿ ಆಸಕ್ತಿ ಇರಲಿಲ್ಲ. ನಾನು ಅದನ್ನು ಗಮನಿಸದೆ ತಪ್ಪನ್ನು ಊರಿನ ತಲೆಗೆ ಕಟ್ಟಿದ್ದೆ. ಅಂದಿನಿಂದ ಉತ್ಸವಗಳಿಗೆ ಹೋದಾಗಲೆಲ್ಲ ಮೊದಲು ಗೋಡೆ ನೋಡುತ್ತೇನೆ, ಆಮೇಲೆ ತೆರೆ. ಹಾಗೆ ನೋಡುತ್ತ, ಓದುತ್ತ ತಿಳಿದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಎರಡು ಪೋಸ್ಟರುಗಳು, ಎರಡು ಬಗೆಯ ಪ್ರೇಕ್ಷಕರು

ಸಿನಿಮಾದ ಪೋಸ್ಟರಿಗೆ ಸಿನಿಮಾದಷ್ಟೇ ವಯಸ್ಸಾಗಿದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೇರ್ ಸೋದರರು ಹಣ ಪಡೆದು ಚಲಿಸುವ ಚಿತ್ರ ತೋರಿಸಿದರಷ್ಟೆ. ಅವರ ಪ್ರದರ್ಶನಕ್ಕೆಂದು ಮಾರ್ಸೆಲಿನ್ ಔಝೋಲ್ ಎಂಬ ಕಲಾವಿದ ಬರೆದ ಪೋಸ್ಟರ್ ಇಂದಿಗೂ ಪ್ರಸಿದ್ಧ. ತೆರೆಯ ಮೇಲೆ ಒಬ್ಬ ತೋಟಗಾರ ನೀರಿನ ಕೊಳವೆಯಿಂದ ತೊಯ್ದು ತೊಪ್ಪೆಯಾಗುತ್ತಿದ್ದಾನೆ. ಮುಂದೆ ಕುಳಿತವರು ಬಿದ್ದು ಬಿದ್ದು ನಗುತ್ತಿದ್ದಾರೆ. ಗಮನಿಸಬೇಕಾದ್ದು ಇದು: ಯಂತ್ರದ ಹೊಗಳಿಕೆ ಅಲ್ಲಿಲ್ಲ. ‘ಬನ್ನಿ, ನೀವೂ ಹೀಗೆ ನಗಬಹುದು’ ಎಂಬ ಆಹ್ವಾನವಿದೆ. ನೋಡುವವರಿಗೆ ತಮ್ಮ ಜಾಗ ಎಲ್ಲಿ ಎಂಬುದು ಕೂಡಲೇ ಗೊತ್ತಾಗುತ್ತದೆ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡೋಣ. 1938ರ ವೆನಿಸ್ ಚಿತ್ರೋತ್ಸವದಲ್ಲಿ ಮುಸೊಲಿನಿಯ ಹೆಸರಿನ ದೊಡ್ಡ ಬಹುಮಾನ ಜರ್ಮನಿಯ ಮತ್ತು ಇಟಲಿಯ ಚಿತ್ರಗಳ ಪಾಲಾಯಿತು. ಇದು ಸರ್ವಾಧಿಕಾರಿಗಳ ಹಸ್ತಕ್ಷೇಪವೆಂದು ಸಿಟ್ಟಾದ ಫ್ರಾನ್ಸ್, ತನ್ನದೇ ಉತ್ಸವವೊಂದನ್ನು ಕಾನ್ ಎಂಬ ಕಡಲೂರಿನಲ್ಲಿ ನಡೆಸಲು ನಿಶ್ಚಯಿಸಿತು. 1939ರ ಸೆಪ್ಟೆಂಬರ್ 1ರಿಂದ 20ರವರೆಗೆ ಎಂದು ದಿನವೂ ಗೊತ್ತಾಯಿತು. ಜಾನ್-ಗಾಬ್ರಿಯೆಲ್ ಡೊಮೆರ್ಗ್ ಎಂಬ ಹೆಸರಾಂತ ಚಿತ್ರಕಾರ ಪೋಸ್ಟರ್ ಬರೆದುಕೊಟ್ಟ. ಅಲ್ಲೂ ಪ್ರೇಕ್ಷಕರೇ ಇದ್ದಾರೆ. ಆದರೆ ಅವರು ಸಂಜೆಯ ಔತಣದ ಉಡುಪು ತೊಟ್ಟ ಸಿರಿವಂತ ಗಂಡು-ಹೆಣ್ಣು. ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು, ಉತ್ಸವ ನಿಂತುಹೋಯಿತು. ಪೋಸ್ಟರ್ ಮಾತ್ರ ಉಳಿಯಿತು. ನಡೆಯದೇ ಹೋದ ಮದುವೆಯ ಲಗ್ನಪತ್ರಿಕೆಯಂತೆ.

ಕಾನ್ ಉತ್ಸವ ನಿಜವಾಗಿ ಮೊದಲಾದದ್ದು ಯುದ್ಧ ಮುಗಿದ ಮೇಲೆ, 1946ರ ಸೆಪ್ಟೆಂಬರಿನಲ್ಲಿ. ಆ ವರ್ಷ ಹನ್ನೊಂದು ಚಿತ್ರಗಳು ಹಂಚಿಕೊಂಡ ಅತ್ಯುನ್ನತ ಬಹುಮಾನದಲ್ಲಿ ನಮ್ಮ ಚೇತನ್ ಆನಂದರ ‘ನೀಚಾ ನಗರ್’ ಕೂಡ ಒಂದು. ಕೊಳಚೆಯ ನೀರು ಹರಿದುಬರುವ ಕೇರಿಯ ಬಡವರ ಕಥೆ ಅದು. ಪೋಸ್ಟರಿನಲ್ಲಿ ಸಿರಿವಂತರು, ತೆರೆಯ ಮೇಲೆ ಬಡವರು. ಚಿತ್ರೋತ್ಸವಗಳ ಈ ತೊಡಕು ಹುಟ್ಟಿನಿಂದಲೇ ಬಂದದ್ದು ಎಂದು ಹೇಳಲು ಇದನ್ನು ನೆನಪಿಸಿದೆ.

ಮುದ್ರೆ ಬೇರೆ, ವೇಷ ಬೇರೆ

ಒಂದು ಸಿನಿಮಾದ ಪೋಸ್ಟರಿಗೂ ಚಿತ್ರೋತ್ಸವದ ಪೋಸ್ಟರಿಗೂ ವ್ಯತ್ಯಾಸವಿದೆ. ಸಿನಿಮಾಕ್ಕೆ ನಾಯಕನ ಮುಖವಿದೆ, ಕಥೆಯಿದೆ, ಹಾಡು-ಹೊಡೆದಾಟಗಳಿವೆ. ಉತ್ಸವಕ್ಕೆ ಹಾಗೆ ತೋರಿಸಲು ಒಂದು ಮುಖವಿಲ್ಲ. ನೂರು ಚಿತ್ರಗಳು, ಹತ್ತಾರು ಭಾಷೆಗಳು. ಅದಕ್ಕೇ ಎಲ್ಲರೂ ಭೂಗೋಳ, ಸುರುಳಿ, ಕಣ್ಣುಗಳ ಮೊರೆಹೋಗುವುದು. ಅವು ಸುಳ್ಳಲ್ಲ. ಆದರೆ ಅವುಗಳಿಂದ ಯಾವ ಊರಿನ ಉತ್ಸವವೆಂದು ತಿಳಿಯುವುದಿಲ್ಲ.

ಆದ್ದರಿಂದ ಈ ಕೆಲಸದಲ್ಲಿ ನುರಿತವರು ಅದನ್ನು ಎರಡು ಪಾಲು ಮಾಡುತ್ತಾರೆ. ಒಂದು, ವರ್ಷದಿಂದ ವರ್ಷಕ್ಕೆ ಬದಲಾಗದ ಲಾಂಛನ. ಇನ್ನೊಂದು, ಪ್ರತಿವರ್ಷ ಹೊಸದಾಗಿ ಬರುವ ಭಿತ್ತಿಪತ್ರ. ಯಕ್ಷಗಾನದ ಮೇಳಕ್ಕೆ ಹೆಸರು ಒಂದೇ, ಪ್ರಸಂಗ ಮಾತ್ರ ದಿನಕ್ಕೊಂದು, ಹಾಗೆ.

ಲಾಂಛನವನ್ನು ಹಳೆಯ ಉತ್ಸವಗಳೆಲ್ಲ ತಮ್ಮ ಊರಿನಿಂದಲೇ ಎತ್ತಿಕೊಂಡಿವೆ. ವೆನಿಸ್ಸಿಗೆ ಸಂತ ಮಾರ್ಕನ ಸಿಂಹ. ಕಾನ್ ಉತ್ಸವಕ್ಕೆ ಆ ಊರಿನ ಲಾಂಛನದಲ್ಲಿದ್ದ ತಾಳೆಗರಿ. 1954ರಲ್ಲಿ ಉತ್ಸವದ ಆಡಳಿತದವರು ಆಭರಣ ವಿನ್ಯಾಸಕಾರರಿಂದ ನಕ್ಷೆಗಳನ್ನು ಕೇಳಿದರು. ಲಾಜೋನ್ ಎಂಬ ಪ್ಯಾರಿಸ್ಸಿನ ವಿನ್ಯಾಸಗಾರ್ತಿಯ ನಕ್ಷೆ ಆಯ್ಕೆಯಾಯಿತು. 1955ರಲ್ಲಿ ಮೊದಲ ಚಿನ್ನದ ತಾಳೆಗರಿ ಡೆಲ್ಬರ್ಟ್ ಮಾನ್‌ನ ‘ಮಾರ್ಟಿ’ ಚಿತ್ರಕ್ಕೆ ಸಂದಿತು. ಇಂದು ಯಾವ ದೇಶದ ಪೋಸ್ಟರಿನಲ್ಲೇ ಆಗಲಿ, ಚಿತ್ರದ ಹೆಸರಿನ ಎರಡೂ ಕಡೆ ಎಲೆಯ ಆ ಕಮಾನು ಕಂಡರೆ ‘ಇದು ಪ್ರಶಸ್ತಿಯ ಚಿತ್ರ’ ಎಂದು ಗುರುತಿಸುತ್ತೇವೆ. ಒಂದು ಊರಿನ ಗುರುತು ಒಂದು ಬಗೆಯ ಸಿನಿಮಾದ ಗುರುತೇ ಆಗಿಬಿಟ್ಟಿದೆ.

ಬರ್ಲಿನ್ನಿನ ಕರಡಿಯದು ಇನ್ನೂ ಮನ ಮುಟ್ಟುವ ಕಥೆ. ಕರಡಿ ಆ ನಗರದ ಲಾಂಛನ. ಬಹುಮಾನದ ಕರಡಿಗೆ ಮೂಲರೂಪ ಕೊಟ್ಟವಳು ರೆನೆ ಸಿಂಟೆನಿಸ್ ಎಂಬ ಶಿಲ್ಪಿ. ಅವಳು ಆ ಪುಟ್ಟ ಕರಡಿಯನ್ನು ರೂಪಿಸಿದ್ದು 1932ರಲ್ಲಿ. ಎರಡು ವರ್ಷ ಕಳೆಯುವುದರೊಳಗೆ, ಅಜ್ಜಿ ಯಹೂದಿ ಮೂಲದವಳೆಂಬ ಕಾರಣಕ್ಕೆ ನಾಜಿ ಆಡಳಿತ ಅವಳನ್ನು ಕಲಾ ಅಕಾಡೆಮಿಯಿಂದ ಹೊರಗೆ ಹಾಕಿತು. ಯುದ್ಧ ಮುಗಿದು, ನಗರ ಹೋಳಾಗಿ, 1951ರಲ್ಲಿ ಅಲ್ಲಿ ಚಿತ್ರೋತ್ಸವ ಆರಂಭವಾದಾಗ, ಹಾಗೆ ಹೊರದೂಡಲ್ಪಟ್ಟವಳ ಕರಡಿಯೇ ಅದರ ಬಹುಮಾನವಾಯಿತು. 2016ರಲ್ಲಿ ಆ ಉತ್ಸವದ ಪೋಸ್ಟರುಗಳಲ್ಲಿ ನಿಜವಾದ ಕರಡಿಗಳು ರಾತ್ರಿಯ ಬರ್ಲಿನ್ ಬೀದಿಗಳಲ್ಲಿ ತಿರುಗಾಡುತ್ತಿದ್ದವು. ಸಿನಿಮಾದ ಸುರುಳಿಯೂ ಇಲ್ಲ, ತಾರೆಯ ಮುಖವೂ ಇಲ್ಲ. ಊರಿನವರು ದಿನವೂ ಓಡಾಡುವ ಜಾಗಗಳಲ್ಲಿ ಉತ್ಸವವೇ ಬಂದು ನಿಂತಂತೆ. ‘ಉತ್ಸವ ನಿಮ್ಮ ಬೀದಿಗೆ ಬಂದಿದೆ’ ಎಂಬ ಮಾತನ್ನು ಅಕ್ಷರವಿಲ್ಲದೆ ಹೇಳಿದ ರೀತಿ ಅದು.

ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಚಿರತೆ. ಅಲ್ಲಿ ಚಿರತೆಯ ಚಿತ್ರವೂ ಬೇಕಾಗುವುದಿಲ್ಲ. ಹಳದಿಯ ಮೇಲೆ ಕಪ್ಪು ಮಚ್ಚೆ ಕಂಡರೆ ಸಾಕು. ಊರ ನಡುವಿನ ದೊಡ್ಡ ಚೌಕದಲ್ಲಿ ರಾತ್ರಿ ಸಾವಿರಾರು ಜನ ಬಯಲಿನಲ್ಲೇ ಕುಳಿತು ಸಿನಿಮಾ ನೋಡುತ್ತಾರೆ. ಉತ್ಸವದ ದಿನಗಳಲ್ಲಿ ಅಂಗಡಿಗಳ ಗಾಜಿನ ಕಿಟಕಿ, ಕೈಚೀಲ, ಕುರ್ಚಿ ಎಲ್ಲ ಹಳದಿ-ಕಪ್ಪು. ವ್ಯಾಪಾರಿಗಳೇ ಸಂತೋಷದಿಂದ ಈ ಬಣ್ಣ ಕಟ್ಟಿಕೊಳ್ಳುತ್ತಾರೆ. ಬಣ್ಣದ ಒಂದು ಜೋಡಿಯೇ ಲಾಂಛನವಾಗಬಲ್ಲದು, ಅದಕ್ಕೆ ಹೆಚ್ಚು ಖರ್ಚೂ ಇಲ್ಲ ಎಂಬುದಕ್ಕೆ ಇದು ನಿದರ್ಶನ.

ನಮ್ಮ ದೇಶದ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಸ್ಪರ್ಧೆ ಬಂದದ್ದು 1965ರ ಮೂರನೆಯ ಉತ್ಸವದಲ್ಲಿ. ಆಗ ತೀರ್ಪುಗಾರರ ಅಧ್ಯಕ್ಷರು ಸತ್ಯಜಿತ್ ರಾಯ್. ರಾಷ್ಟ್ರಪಕ್ಷಿ ನವಿಲು ಉತ್ಸವದ ಗುರುತಾಯಿತು, ‘ವಸುಧೈವ ಕುಟುಂಬಕಂ’ ಘೋಷವಾಕ್ಯವಾಯಿತು. ಮೊದಲ ಸ್ವರ್ಣಮಯೂರ ಸಿಂಹಳದ ಲೆಸ್ಟರ್ ಜೇಮ್ಸ್ ಪೀರಿಸ್ ಅವರ ‘ಗಂಪೆರಳಿಯ’ ಚಿತ್ರಕ್ಕೆ. ಉತ್ಸವ ಊರೂರು ಸುತ್ತುತ್ತಿದ್ದ ಕಾಲದಲ್ಲಿ, 1980ರಲ್ಲಿ ಮತ್ತು 1992ರಲ್ಲಿ, ಬೆಂಗಳೂರಿಗೂ ಬಂದಿತ್ತು. 2004ರಿಂದ ಗೋವೆಯಲ್ಲಿ ನೆಲೆಸಿದೆ. ಊರು ಬದಲಾದಾಗಲೂ ನವಿಲು ಬದಲಾಗಲಿಲ್ಲ. ಲಾಂಛನದ ಕೆಲಸವೇ ಅದು.

ಬಾಗಿಲು ಕಾಯುವ ಗೊಂಬೆ

ಆದರೆ ಲಾಂಛನದ ಪಾಠ ಕಲಿಯಲು ನಾವು ಬರ್ಲಿನ್ನಿಗೆ ಹೋಗಬೇಕಿಲ್ಲ. ಪಕ್ಕದ ಕೇರಳಕ್ಕೆ ಹೋದರೆ ಸಾಕು.

1988ರಲ್ಲಿ ಭಾರತ ಸರ್ಕಾರದ ಚಿತ್ರೋತ್ಸವ ತಿರುವನಂತಪುರದಲ್ಲಿ ನಡೆಯಿತು. ಅದರ ಲಾಂಛನ ರೂಪಿಸಿದವರು ನಿರ್ದೇಶಕ ಜಿ. ಅರವಿಂದನ್. ಅವರು ಸಿನಿಮಾಕ್ಕೆ ಬರುವ ಮುನ್ನವೇ ‘ಮಾತೃಭೂಮಿ’ ವಾರಪತ್ರಿಕೆಯ ವ್ಯಂಗ್ಯಚಿತ್ರಗಳಿಂದ ಮನೆಮಾತಾಗಿದ್ದವರು. ಗೆರೆಯ ಮರ್ಮ ಬಲ್ಲವರು. ಅವರು ಆರಿಸಿದ್ದು ತೋಲ್‌ಪಾವಕೂತ್ತಿನ ಒಂದು ಗೊಂಬೆ: ಲಂಕಾಲಕ್ಷ್ಮಿ. ಮುಂದೆ 1990ರ ದಶಕದಲ್ಲಿ ಕೇರಳವೇ ತನ್ನ ಅಂತರರಾಷ್ಟ್ರೀಯ ಉತ್ಸವ ಆರಂಭಿಸಿದಾಗ ಈ ಗೊಂಬೆ ಅದರ ಗುರುತಾಗಿ ನಿಂತಿತು. ಅರವಿಂದನ್ 1991ರಲ್ಲೇ ತೀರಿಕೊಂಡರು. ಗೊಂಬೆ ಈಗಲೂ ಅಲ್ಲಿನ ಗೋಡೆಗಳ ಮೇಲಿದೆ.

ಈ ಆಯ್ಕೆ ಏಕೆ ಒಳ್ಳೆಯದು? ಮೂರು ಕಾರಣಗಳು ನನಗೆ ಕಾಣುತ್ತವೆ.

ಮೊದಲನೆಯದು ಅರ್ಥ. ತೋಲ್‌ಪಾವಕೂತ್ತು ಎಂದರೆ ತೊಗಲುಗೊಂಬೆಯಾಟ. ಪಾಲಕ್ಕಾಡು ಸೀಮೆಯ ಭದ್ರಕಾಳಿ ದೇವಸ್ಥಾನಗಳಲ್ಲಿ ಕಂಬ ರಾಮಾಯಣದ ಆಧಾರದ ಮೇಲೆ ರಾತ್ರಿಯಿಡೀ ಆಡುತ್ತಾರೆ. ಬಿಳಿ ತೆರೆ, ಹಿಂದೆ ಇಪ್ಪತ್ತೊಂದು ದೀಪಗಳ ಸಾಲು, ನಡುವೆ ಗೊಂಬೆ. ತೆರೆ, ಬೆಳಕು, ಚಲಿಸುವ ನೆರಳು. ಸಿನಿಮಾ ಎಂದರೆ ಇನ್ನೇನು? ‘ಸಿನಿಮಾ ನಮಗೆ ಪರಕೀಯವಲ್ಲ’ ಎಂದು ಆ ಗೊಂಬೆ ಒಂದೇ ನೋಟಕ್ಕೆ ಹೇಳುತ್ತದೆ.

ಎರಡನೆಯದು ಅಚ್ಚಿನ ಅನುಕೂಲ. ನಮ್ಮ ಕರ್ನಾಟಕದ ತೊಗಲುಗೊಂಬೆ ಬಣ್ಣಬಣ್ಣದ್ದು. ಹದ ಮಾಡಿದ ತೊಗಲಿನ ಮೂಲಕ ದೀಪದ ಬೆಳಕು ಹಾದು ಕೆಂಪು, ಹಸಿರು ಹೊಳೆಯುತ್ತವೆ. ಕೇರಳದ ಗೊಂಬೆ ಮುಖ್ಯವಾಗಿ ಕಪ್ಪು ನೆರಳು. ತೂತುಗಳಿಂದ ಮಾತ್ರ ಬೆಳಕು ಇಣುಕುತ್ತದೆ. ಆದ್ದರಿಂದ ಅದನ್ನು ಒಂದೇ ಶಾಯಿಯಲ್ಲಿ ಮುದ್ರಿಸಬಹುದು. ಹೋರ್ಡಿಂಗ್ ಗಾತ್ರಕ್ಕೂ ಹಿಗ್ಗುತ್ತದೆ, ಅಂಚೆಚೀಟಿ ಗಾತ್ರಕ್ಕೂ ಕುಗ್ಗುತ್ತದೆ. ಜೆರಾಕ್ಸ್ ಮಾಡಿದರೂ ಕೆಡುವುದಿಲ್ಲ. ಲಾಂಛನಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಮೂರನೆಯದು ಕಥೆ. ಲಂಕಾಲಕ್ಷ್ಮಿ ಯಾರು? ಲಂಕೆಯ ಬಾಗಿಲು ಕಾಯುವವಳು. ಸಮುದ್ರ ಹಾರಿಬಂದ ಹನುಮಂತನನ್ನು ತಡೆದವಳು, ಅವನಿಂದ ಪೆಟ್ಟು ತಿಂದು ಒಳಗೆ ಬಿಟ್ಟವಳು. ಅರವಿಂದನ್ ಇದನ್ನು ಯೋಚಿಸಿಯೇ ಆರಿಸಿದರೆಂದು ನಾನು ಹೇಳಲಾರೆ. ಆದರೆ ಉತ್ಸವದ ಲಾಂಛನವೂ ಬಾಗಿಲಲ್ಲಿ ನಿಂತಿರುತ್ತದೆ. ಒಳಗೆ ಬಿಡುವುದೂ ಅದೇ, ತಡೆಯುವುದೂ ಅದೇ. ಚಹಾ ಅಂಗಡಿಯವರನ್ನು ತಡೆದು ನಿಲ್ಲಿಸಿದ್ದು ಆ ಭೂಗೋಳ ಮತ್ತು ಸುರುಳಿ.

ಇನ್ನೊಂದು ಮಾತು. ಭದ್ರಕಾಳಿ ದಾರಿಕಾಸುರನೊಡನೆ ಕಾದಾಡುತ್ತಿದ್ದಾಗ ಅತ್ತ ರಾಮ-ರಾವಣರ ಯುದ್ಧ ಮುಗಿದುಹೋಯಿತಂತೆ. ಅದನ್ನು ನೋಡಲಾಗದ ದೇವಿಗಾಗಿ ವರ್ಷವರ್ಷವೂ ಗೊಂಬೆಯಾಟ. ಹಾಗಾಗಿ ಎದುರಿಗೆ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಆಟ ನಡೆಯುತ್ತದೆ, ದೇವಿ ನೋಡುತ್ತಾಳೆ. ನಮ್ಮ ಚಿತ್ರಸಮಾಜಗಳಿಗೆ ಆ ಭಾಗ್ಯವಿಲ್ಲ. ನಮಗೆ ಮನುಷ್ಯರೇ ಬರಬೇಕು.

ಕರ್ನಾಟಕದಲ್ಲಿ ಈ ಕಲೆ ಕೇವಲ ವಸ್ತುಸಂಗ್ರಹಾಲಯದ್ದಲ್ಲ ಎಂಬುದನ್ನೂ ನೆನಪಿಡಬೇಕು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಉತ್ಸವಕ್ಕೂ ತೊಗಲುಗೊಂಬೆಯನ್ನೇ ಇಡಿ ಎಂದು ನಾನು ಹೇಳುತ್ತಿಲ್ಲ. ಅದು ನಕಲಾದೀತು. ನಿಮ್ಮ ಊರಿನಲ್ಲಿ ಎಲ್ಲರೂ ಕಂಡಿರುವ, ಯಾರೂ ಗಮನಿಸದ ವಸ್ತು ಯಾವುದು ಎಂದು ಹುಡುಕಿ ಎನ್ನುತ್ತಿದ್ದೇನೆ.

ಬಸ್ಸಿನಿಂದ, ಫುಟ್‌ಪಾತಿನಿಂದ, ಕೈಯಳತೆಯಿಂದ

ಈಗ ಕೆಲಸದ ಮಾತು. ಪೋಸ್ಟರನ್ನು ಜನ ಮೂರು ದೂರದಿಂದ ನೋಡುತ್ತಾರೆ. ಓಡುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಒಂದು ಚಿತ್ರ, ಒಂದು ಬಣ್ಣ ಮಾತ್ರ ದಕ್ಕುತ್ತದೆ. ಫುಟ್‌ಪಾತಿನಲ್ಲಿ ನಡೆಯುವವರಿಗೆ ಹೆಸರು ಮತ್ತು ದಿನಾಂಕ. ಹತ್ತಿರ ಬಂದು ನಿಂತವರಿಗೆ ಸ್ಥಳ, ಸಮಯ, ಶುಲ್ಕ. ಈ ಮೂರು ಮೆಟ್ಟಿಲುಗಳನ್ನು ಬೇರೆಬೇರೆ ಗಾತ್ರದಲ್ಲಿ ಇಡಬೇಕು. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ದಪ್ಪವಲ್ಲ.

ಪ್ರಚಾರವನ್ನೂ ಹಂತಹಂತವಾಗಿ ಹೊರಬಿಡುವುದು ರೂಢಿ. ಮೊದಲು ಲಾಂಛನ ಮತ್ತು ತಿಂಗಳು ಮಾತ್ರ. ಆಮೇಲೆ ದಿನಾಂಕ, ಸ್ಥಳ. ಕಡೆಗೆ ಚಿತ್ರಗಳ ಪಟ್ಟಿ, ಅತಿಥಿಗಳು. ಎಲ್ಲದರಲ್ಲೂ ಒಂದೇ ಬಣ್ಣ, ಒಂದೇ ಬಗೆಯ ಅಕ್ಷರ. ಕೊರಳಿಗೆ ಹಾಕುವ ಪಾಸು, ಕಾರ್ಯಕ್ರಮದ ಕೈಪಿಡಿ, ವೇದಿಕೆಯ ಹಿಂದಿನ ಬಟ್ಟೆ, ಪ್ರತಿ ಪ್ರದರ್ಶನಕ್ಕೂ ಮೊದಲು ತೋರಿಸುವ ಪುಟ್ಟ ಚಿತ್ರ, ಈಗ ಮೊಬೈಲಿನಲ್ಲಿ ಹರಿದಾಡುವ ಚೌಕ, ಎಲ್ಲವೂ ಒಂದೇ ಮನೆಯವೆಂದು ಕಾಣಬೇಕು. ಪ್ರಾಯೋಜಕರ ಗುರುತುಗಳಿಗೆ ಮೊದಲೇ ಒಂದು ಪಟ್ಟಿ ಗೊತ್ತುಮಾಡಿ, ಅದರಿಂದಾಚೆ ಬರದಂತೆ ಕರಾರು ಮಾಡಿಕೊಳ್ಳಬೇಕು. ಕೊನೆಯ ದಿನ ಬಂದು ಸೇರುವ ಗುರುತುಗಳೇ ಪೋಸ್ಟರನ್ನು ಕೊಲ್ಲುವುದು.

ಮುದ್ರಣದಲ್ಲಿ ನಾಲ್ಕು ಬಣ್ಣ ಎಂದರೆ ತಿಳಿನೀಲಿ, ಮೆಜೆಂಟಾ, ಹಳದಿ, ಕಪ್ಪು. ಉಳಿದ ಬಣ್ಣಗಳೆಲ್ಲ ಇವುಗಳ ಚುಕ್ಕಿಗಳ ಬೆರಕೆ. ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನಿಂದ ಹೊಳೆಯುವ ಹಸಿರು, ಕಾಗದದ ಮೇಲೆ ಮಂಕಾಗಿ ಬಂದರೆ ಅಚ್ಚಿನವರನ್ನು ಬೈದು ಫಲವಿಲ್ಲ. ದುಡ್ಡು ಕಡಿಮೆ ಇದ್ದರೆ ಎರಡೇ ಬಣ್ಣದಲ್ಲಿ ಯೋಚಿಸಿ. ಬಡತನದಿಂದ ಹುಟ್ಟಿದ ಒಳ್ಳೆಯ ಪೋಸ್ಟರುಗಳು ಬೇಕಾದಷ್ಟಿವೆ.

ಗೆರೆ, ಅಕ್ಷರಗಳ ವಿಷಯಕ್ಕೆ ಬಂದರೆ ಮತ್ತೆ ಸತ್ಯಜಿತ್ ರಾಯ್ ಅವರ ಹೆಸರು ಹೇಳಬೇಕು. ಅವರು ನಿರ್ದೇಶಕರಾಗುವ ಮುನ್ನ, 1943ರಿಂದ, ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರಕಾರರಾಗಿದ್ದರು. ಪುಸ್ತಕಗಳಿಗೆ ಮುಖಪುಟ ಬರೆದರು, ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ರಚಿಸಿದರು, ‘ರಾಯ್ ರೋಮನ್’ ಎಂಬ ಇಂಗ್ಲಿಷ್ ಅಕ್ಷರಮಾಲೆಯನ್ನೂ ರೂಪಿಸಿದರು. 1985ರಲ್ಲಿ ಆರಂಭವಾದ ಕಲ್ಕತ್ತೆಯ ‘ನಂದನ್’ ಚಿತ್ರಕೇಂದ್ರದ ಲಾಂಛನ ಅವರದೇ. ಬಂಗಾಳಿ ಅಕ್ಷರವನ್ನು ಅವರು ಚಿತ್ರದ ಅಡಿಬರಹವೆಂದು ನೋಡಲಿಲ್ಲ, ಅದನ್ನೇ ಚಿತ್ರ ಮಾಡಿದರು.

ಒತ್ತಕ್ಷರಕ್ಕೆ ಜಾಗ ಎಲ್ಲಿ?

ಕನ್ನಡಕ್ಕೆ ನಾವು ಆ ಗೌರವ ಕೊಟ್ಟಿದ್ದೇವೆಯೇ? ‘ಅಂತರರಾಷ್ಟ್ರೀಯ ಚಲನಚಿತ್ರೋತ್ಸವ’ ಎಂದು ಬರೆದು ನೋಡಿ. ‘ಷ್ಟ್ರೀ’ ಒಂದರಲ್ಲೇ ಎರಡು ಒತ್ತುಗಳು, ಜೊತೆಗೆ ದೀರ್ಘ. ‘ತ್ರೋ’, ‘ತ್ಸ’ ಮತ್ತೆರಡು. ಇಂಗ್ಲಿಷಿನ ದೊಡ್ಡ ಅಕ್ಷರಗಳಾದರೆ ಮೇಲೆ-ಕೆಳಗೆ ಚಾಚದೆ ಒಂದು ಪಟ್ಟಿಯಲ್ಲಿ ಕೂರುತ್ತವೆ. ಕನ್ನಡದ ಸಾಲು ಹಾಗಲ್ಲ. ತಲೆಕಟ್ಟಿನ ಮೇಲೂ ಜಾಗ ಬೇಕು, ಕೆಳಗೆ ಒತ್ತಿಗೂ ಜಾಗ ಬೇಕು. ಇಂಗ್ಲಿಷಿಗೆಂದು ಅಳತೆ ಮಾಡಿದ ಪಟ್ಟಿಯಲ್ಲಿ ಕನ್ನಡ ಕೂರಿಸಲು ಹೋದರೆ ಎರಡೇ ದಾರಿ: ಅಕ್ಷರವನ್ನು ಕುಗ್ಗಿಸುವುದು, ಇಲ್ಲವೇ ಒತ್ತನ್ನು ಮುಂದಿನ ಸಾಲಿನ ತಲೆಗೆ ಗುದ್ದಿಸುವುದು. ನಮ್ಮ ಪೋಸ್ಟರುಗಳಲ್ಲಿ ಕನ್ನಡ ಸಣ್ಣದಾಗುವುದು ಎಷ್ಟೋ ಸಲ ದ್ವೇಷದಿಂದಲ್ಲ. ಕನ್ನಡ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಪರಿಹಾರ ಸುಲಭ. ಮೊದಲು ಕನ್ನಡ ಬರೆಯಿರಿ. ಅದಕ್ಕೆ ಬೇಕಾದ ಎತ್ತರವನ್ನು ಅಳತೆಯಾಗಿ ಇಟ್ಟುಕೊಂಡು ಉಳಿದದ್ದನ್ನು ಕೂರಿಸಿ. ಕೆಳಗಿಳಿಯುವ ಒತ್ತು, ದುಂಡಗೆ ತಿರುಗುವ ಕೊಂಬು ತೊಡಕಲ್ಲ, ಕುಂಚ ಹಿಡಿದವನಿಗೆ ಅವೇ ಸೊಗಸು. ಚಿತ್ರಮಂದಿರಗಳಿಗೆ ಕೈಯಿಂದ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಗೆ ಇದು ಗೊತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಅನೇಕರು ಕೆಲಸ ಕಳೆದುಕೊಂಡರು. ನಿಮ್ಮ ಊರಿನಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ, ಸೈನ್‌ಬೋರ್ಡ್ ಬರೆದುಕೊಂಡೋ, ಗಣಪತಿಗೆ ಬಣ್ಣ ಹಚ್ಚಿಕೊಂಡೋ. ಉತ್ಸವದ ಹೆಸರನ್ನು ಅವರ ಕೈಯಲ್ಲಿ ಬರೆಸಿ, ಕಂಪ್ಯೂಟರಿಗೆ ಏರಿಸಿಕೊಳ್ಳಿ. ನಿಮಗೆ ಬೇರಾರಲ್ಲೂ ಇಲ್ಲದ ಅಕ್ಷರ ಸಿಗುತ್ತದೆ. ಅವರಿಗೆ ತಕ್ಕ ಸಂಭಾವನೆ ಕೊಡಿ, ಪೋಸ್ಟರಿನ ಮೂಲೆಯಲ್ಲಿ ಅವರ ಹೆಸರನ್ನೂ ಹಾಕಿ.

ಸೊಂಟ ಮತ್ತು ಬೆನ್ನು

ಪೋಸ್ಟರಿಗೆ ಜವಾಬ್ದಾರಿಯೂ ಇದೆ. ಕಾನ್ ಉತ್ಸವದ ಎರಡು ಪೋಸ್ಟರುಗಳನ್ನು ಹೇಳಿ ಮುಗಿಸುತ್ತೇನೆ. ಒಂದು ಕಾಲಕ್ಕೆ ಅಲ್ಲಿ ನಿರ್ದೇಶಕರೇ ಚಿತ್ರ ಬರೆದುಕೊಟ್ಟದ್ದುಂಟು; 1982ರ ಪೋಸ್ಟರಿನಲ್ಲಿ ಫೆಲಿನಿಯ ರೇಖೆ, 1983ರಲ್ಲಿ ಕುರೊಸಾವಾರ ಚಿತ್ರ. ಈಚೆಗೆ ಹಳೆಯ ಛಾಯಾಚಿತ್ರಗಳಿಗೇ ಹೆಚ್ಚು ಒಲವು.

2017ರ ಪೋಸ್ಟರಿನಲ್ಲಿ ನಟಿ ಕ್ಲಾಡಿಯಾ ಕಾರ್ಡಿನಾಲೆ ಲಂಗ ಬೀಸುತ್ತ ಕುಣಿಯುತ್ತಿದ್ದಾಳೆ. 1959ರಲ್ಲಿ ರೋಮಿನ ಮಹಡಿಯೊಂದರ ಮೇಲೆ ತೆಗೆದ ಚಿತ್ರ. ಕೆಂಪು ಹಿನ್ನೆಲೆ, ತುಂಬು ಉಲ್ಲಾಸ. ಆದರೆ ಮೂಲ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದವರು ಬೆಚ್ಚಿದರು. ಪೋಸ್ಟರಿನಲ್ಲಿ ಅವಳ ಸೊಂಟ, ತೊಡೆ ಸಣ್ಣದಾಗಿದ್ದವು. ಫ್ರೆಂಚ್ ಪತ್ರಿಕೆಗಳಲ್ಲಿ ಗದ್ದಲವಾಯಿತು. ಕಾರ್ಡಿನಾಲೆ ಸ್ವತಃ ಪೋಸ್ಟರನ್ನು ಸಮರ್ಥಿಸಿಕೊಂಡಳು, ಅದು ಅವಳ ಹಕ್ಕು. ಆದರೂ ಪ್ರಶ್ನೆ ಉಳಿಯುತ್ತದೆ. ಜಗತ್ತಿನಲ್ಲೇ ಚೆಲುವೆ ಎನಿಸಿಕೊಂಡವಳ ಮೈಯನ್ನೇ ತಿದ್ದಬೇಕೆನಿಸಿದರೆ, ಅದನ್ನು ನೋಡುವ ಹುಡುಗಿಯರಿಗೆ ನಾವು ಏನು ಹೇಳುತ್ತಿದ್ದೇವೆ?

ಎರಡು ವರ್ಷಗಳ ಮೇಲೆ, 2019ರ ಮಾರ್ಚ್ 29ರಂದು, ನಿರ್ದೇಶಕಿ ಆಗ್ನೆಸ್ ವಾರ್ಡಾ ತೀರಿಕೊಂಡರು. ಆ ವರ್ಷದ ಪೋಸ್ಟರಿನಲ್ಲಿ ಬಂದದ್ದು ಅವರ ಮೊದಲ ಚಿತ್ರ ‘ಲಾ ಪ್ವಾಂತ್ ಕೂರ್ತ್’ ಚಿತ್ರೀಕರಣದ, 1954ರ ಒಂದು ಗಳಿಗೆ. ಕ್ಯಾಮೆರಾ ಎತ್ತರದಲ್ಲಿದೆ. ಇಪ್ಪತ್ತಾರರ ಹುಡುಗಿ ವಾರ್ಡಾಗೆ ಕಣ್ಣು ಎಟುಕುತ್ತಿಲ್ಲ. ಬಾಗಿ ನಿಂತ ಸಹಾಯಕನೊಬ್ಬನ ಬೆನ್ನ ಮೇಲೆ ಹತ್ತಿ ನಿಂತು ನೋಡುತ್ತಿದ್ದಾರೆ. ಹಿಂದೆ ಕಿತ್ತಳೆ ಬಣ್ಣದ ಆಕಾಶ. ಮುಖ ಕಾಣುವುದಿಲ್ಲ. ಯಾರ ಸೊಂಟವನ್ನೂ ತಿದ್ದುವ ಅಗತ್ಯ ಅಲ್ಲಿರಲಿಲ್ಲ. ಸಿನಿಮಾ ಎಂದರೆ ಕೆಲಸ, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ನಿಂತು ಮಾಡುವ ಕೆಲಸ ಎಂಬುದು ಆ ಪೋಸ್ಟರಿನಲ್ಲಿತ್ತು. ನನಗೆ ಗೊತ್ತಿರುವ ಪೋಸ್ಟರುಗಳಲ್ಲಿ ಇದು ಅತ್ಯಂತ ಪ್ರೀತಿಯದು.

ನಿಮ್ಮ ಉತ್ಸವದ ಪೋಸ್ಟರಿನ ಎರಡು ಕರಡುಗಳನ್ನು ಇಲ್ಲಿಗೆ ಬಂದಾಗ ನನಗೆ ತೋರಿಸಿದಿರಿ. ಒಂದರಲ್ಲಿ ವಿದೇಶಿ ನಟಿಯ ಮುಖ. ಇನ್ನೊಂದರಲ್ಲಿ ನಿಮ್ಮ ವಿದ್ಯಾರ್ಥಿನಿಯೊಬ್ಬಳು ಬರೆದದ್ದು: ಊರ ಸಂತೆಯ ಮಾಳದಲ್ಲಿ ಕಟ್ಟಿದ ಬಿಳಿ ಪಂಚೆ, ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ ಜನರ ಬೆನ್ನುಗಳು. ಸಮಿತಿಯಲ್ಲಿ ಕೆಲವರಿಗೆ ಎರಡನೆಯದು ‘ಹಳ್ಳಿ ಗೊಡ್ಡು’ ಎನಿಸಿದೆಯಂತೆ. ತೀರ್ಮಾನ ನಿಮ್ಮದು. ನಾನು ಕೇಳಿಕೊಳ್ಳುವುದು ಇಷ್ಟೇ. ಅಚ್ಚಿಗೆ ಕಳುಹಿಸುವ ಮುನ್ನ ಎರಡನ್ನೂ ಒಂದು ದಿನ ಬಸ್ ನಿಲ್ದಾಣದ ಚಹಾ ಅಂಗಡಿಯ ಪಕ್ಕ ಅಂಟಿಸಿ. ಪಕ್ಕದಲ್ಲಿ ಸುಮ್ಮನೆ ನಿಂತು ಚಹಾ ಕುಡಿಯಿರಿ. ಯಾವುದನ್ನು ನೋಡಿ ಜನ ‘ಇದು ಯಾವತ್ತು, ನಾವೂ ಬರಬಹುದಾ?’ ಎಂದು ಕೇಳುತ್ತಾರೋ ಅದನ್ನು ಅಚ್ಚು ಹಾಕಿಸಿ. ಮತ್ತೆ, ‘ಪ್ರವೇಶ ಉಚಿತ’ ಎಂಬುದನ್ನು ಮೇಲ್ಗಡೆಯೇ ಬರೆಯಿರಿ.

ಉತ್ಸವದ ವರದಿಗೆ ನಾನೇ ಬರುತ್ತೇನೆ. ಹಳೆಯ ತಪ್ಪನ್ನು ತಿದ್ದಿಕೊಳ್ಳಲು ನನಗೂ ಒಂದು ಅವಕಾಶ ಬೇಕಾಗಿದೆ.